ಗದಿಗೆವ್ವ ಮತ್ತೆ ಬಸ್ಸು ಹತ್ತಿದ್ದು

ಬೆಟಗೇರಿಯ ಗದಿಗೆವ್ವ ಕಂಡಕ್ಟರ್ ಎಂದರೆ ಗದಗದಿಂದ ಶಿರಹಟ್ಟಿ, ಲಕ್ಷ್ಮೇಶ್ವರಕ್ಕೆ ಓಡಾಡುವವರಲ್ಲಿ ಗೊತ್ತಿಲ್ಲದವರು ಕಡಿಮೆ. ಹನ್ನೊಂದು ವರ್ಷ ಅದೇ ದಾರಿ. ಸಂತೆಯ ದಿನ ಬಸ್ಸಿನೊಳಗೆ ಕಾಲಿಡಲು ಜಾಗವಿಲ್ಲದಿದ್ದರೂ ಎರಡು ಸ್ಟಾಪುಗಳ ನಡುವೆ ಮುಂದಿನಿಂದ ಹಿಂದಿನವರೆಗೆ ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ, ಬಾಗಿಲಿಗೆ ಬಂದು ಸೀಟಿ ಊದುತ್ತಿದ್ದಳು. "ಆಧಾರ್ ಕಾರ್ಡ್ ಕೈಯಾಗ ಹಿಡಕೊಂಡು ನಿಂದರ್ರವಾ, ನಾ ಬಂದ ಮ್ಯಾಲೆ ಗಂಟು ಬಿಚ್ಚಬ್ಯಾಡ್ರಿ!" ಎಂದು ಆಕೆ ಕೂಗಿದರೆ ಇಂಜಿನ್ನಿನ ಸದ್ದನ್ನು ಮೀರಿ ಕೊನೆಯ ಸೀಟಿಗೂ ಕೇಳಿಸುತ್ತಿತ್ತು. ತವರೂರು ಹಿರೇಹಂದಿಗೋಳದ ಒಕ್ಕಲು ಮನೆತನದಲ್ಲಿ ಖಾಕಿ ತೊಟ್ಟ ಮೊದಲ ಹೆಂಗಸು ಆಕೆ. ಆ ಖಾಕಿಯನ್ನು ತಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದಳು, ಬೇರೆಯವರ ಕೈಗೆ ಕೊಟ್ಟವಳಲ್ಲ.

ನಲವತ್ತೆರಡನೆಯ ವಯಸ್ಸಿನಲ್ಲಿ ಅಂಥ ಗದಿಗೆವ್ವನ ಮೈಗೆ ನೋವು ಹೊಕ್ಕಿತು.

ಮೊದಲು ಕುತ್ತಿಗೆ ಹಿಡಿಯಿತು. ದಿಂಬು ಸರಿಯಿಲ್ಲ ಎಂದುಕೊಂಡಳು. ಆಮೇಲೆ ಭುಜ, ಸೊಂಟ, ತೊಡೆ, ಮೊಣಕೈ, ಕಡೆಗೆ ಅಂಗಾಲಿನವರೆಗೆ ನೋವು ಇಳಿಯಿತು. ರಾತ್ರಿ ಎಂಟು ತಾಸು ಮಲಗಿದರೂ ಮುಂಜಾನೆ ಏಳುವಾಗ ಯಾರೋ ಒನಕೆಯಿಂದ ಮೈಯೆಲ್ಲ ಕುಟ್ಟಿದ ಹಾಗೆ. ಟಿಕೆಟ್ ಮಷಿನ್ನಿನ ಪಟ್ಟಿ ಹೆಗಲಿಗೆ ತಗುಲಿದರೂ ಉರಿ. ಇನ್ನೊಂದು ಸಂಕಟವೂ ಇತ್ತು, ಅದನ್ನು ಆಕೆ ಯಾರಿಗೂ ಹೇಳಲಿಲ್ಲ: ತಲೆಯೊಳಗೆ ಮಂಜು ಕವಿದಂತಾಗಿ, ಹನ್ನೊಂದು ವರ್ಷ ನಿದ್ದೆಯಲ್ಲೂ ಒಪ್ಪಿಸುತ್ತಿದ್ದ ಸ್ಟಾಪುಗಳ ಹೆಸರು ಬಾಯಿಗೆ ಬರುತ್ತಿರಲಿಲ್ಲ.

ರಕ್ತ ತೆಗೆದರು, ಎಕ್ಸ್‌ರೇ ತೆಗೆದರು, ಹುಬ್ಬಳ್ಳಿಗೆ ಹೋಗಿ ದೊಡ್ಡ ಸ್ಕ್ಯಾನನ್ನೂ ಮಾಡಿಸಿದ್ದಾಯಿತು. ಎಲ್ಲ ಕಡೆ ಒಂದೇ ಮಾತು, ಎಲ್ಲ ನಾರ್ಮಲ್ ಇದೆ. ಮೊದಲ ಸಲ ಆ ಮಾತು ಕೇಳಿ ಸಮಾಧಾನವಾಗಿತ್ತು. ನಾಲ್ಕನೆಯ ಸಲ ಕೇಳುವ ಹೊತ್ತಿಗೆ ಬೈಗುಳದಂತೆ ಕಿವಿಗೆ ಬಿತ್ತು.

"ಎಲ್ಲಾ ನಾರ್ಮಲ್ ಇದ್ದರ ಮತ್ಯಾಕ ನರಳತಿ?" ಎಂದು ಅತ್ತೆ ಮುದುಕವ್ವ ಕೇಳಿದಳು. ಕೆಟ್ಟ ಮನಸ್ಸಿನವಳಲ್ಲ, ಎಪ್ಪತ್ತು ದಾಟಿದರೂ ತಾನೇ ರೊಟ್ಟಿ ಬಡಿಯುವ ಮುದುಕಿ. ಆದರೆ ಗಾಯವಿಲ್ಲದ, ಬಾವಿಲ್ಲದ ನೋವು ಆಕೆಯ ಲೆಕ್ಕಕ್ಕೆ ಸಿಗಲಿಲ್ಲ. ಒಂದು ದಿನ ಬಸ್ ನಿಲ್ದಾಣದ ಚಹಾದ ಅಂಗಡಿಯ ಹಿಂದೆ ಡ್ರೈವರ್ ನೀಲಪ್ಪ ಆಡಿದ ಮಾತೂ ಗದಿಗೆವ್ವನ ಕಿವಿಗೆ ಬಿತ್ತು: "ಆಫೀಸಿನಾಗ ಫ್ಯಾನಿನ ಕೆಳಗ ಕುಂಡ್ರೋ ಕೆಲಸ ಬೇಕಾಗೇತಿ ಆಕಿಗೆ. ಬರೀ ಸೋಗು." ನಾಲ್ಕು ವರ್ಷ ಒಂದೇ ಬಸ್ಸಿನಲ್ಲಿ ದುಡಿದ ಮನುಷ್ಯನ ಬಾಯಿಂದ ಬಂದ ಆ ಮಾತು ಆಕೆಯನ್ನು ಮೈನೋವಿಗಿಂತ ಹೆಚ್ಚು ಹಣ್ಣು ಮಾಡಿತು. ಮನೆಗೆ ಬಂದು ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಅತ್ತಳು.

ಗಂಡ ಸಿದ್ದಾರೂಢ ಗದಗಿನ ಒಂದು ಛಾಪಖಾನೆಯಲ್ಲಿ ಪುಸ್ತಕ ಹೊಲಿದು ಬೈಂಡ್ ಮಾಡುವ ಕೆಲಸದವನು. ಮಾತು ಕಡಿಮೆ. ಅವತ್ತು ಬಾಗಿಲು ತಳ್ಳಿ ಒಳಗೆ ಬಂದು ಆಕೆಯ ಪಕ್ಕದಲ್ಲಿ ನೆಲದ ಮೇಲೆ ಕೂತ.

"ನನಗರ ಗೊತ್ತೈತಿ ನಿನಗ ಖರೇನ ಬ್ಯಾನಿ ಐತಿ ಅಂತ," ಎಂದ. "ಇನ್ನೊಬ್ಬ ಡಾಕ್ಟರ್ ಕಡೆ ಹೋಗೂಣು. ಅವರೂ ನಾರ್ಮಲ್ ಅಂದ್ರ, ಮತ್ತೊಬ್ಬರ ಕಡೆ."

ಹಾಗೆ ಹೋದ ಐದನೆಯ ಡಾಕ್ಟರು ವಯಸ್ಸಾದವರು. ಕಾಗದಗಳನ್ನು ಪಕ್ಕಕ್ಕಿಟ್ಟು ಒಂದು ತಾಸು ಕೂಡಿಸಿ ಮಾತಾಡಿಸಿದರು. ಎಲ್ಲೆಲ್ಲಿ ನೋವು, ಎಷ್ಟು ತಿಂಗಳಾಯಿತು, ನಿದ್ದೆ ಹೇಗೆ, ನೆನಪು ಹೇಗೆ ಎಂದು ಒಂದೊಂದಾಗಿ ಕೇಳಿದರು. ನೆನಪಿನ ಮಾತು ಬಂದಾಗ ಗದಿಗೆವ್ವ ಬೆಚ್ಚಿ ತಲೆ ಎತ್ತಿದಳು. ಅವರು ಆ ನೋವಿಗೆ ಹೆಸರು ಹೇಳಿದರು: ಫೈಬ್ರೊಮಯಾಲ್ಜಿಯಾ. ಒಂದು ಮಾತ್ರೆ ಬರೆದರು, ಆದರೆ ಇದಕ್ಕೆ ಮುಖ್ಯ ಮದ್ದು ಮಾತ್ರೆಯಲ್ಲ ಎಂದು ಹೇಳಿ ಫಿಸಿಯೋಥೆರಪಿಸ್ಟ್ ರಮೀಜಾಳ ಹತ್ತಿರ ಕಳಿಸಿದರು.

ರಮೀಜಾ ಮುಂಡರಗಿಯ ಹುಡುಗಿ. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ. ಗದಗಿನಲ್ಲಿ ಎರಡು ಕೋಣೆಯ ಕ್ಲಿನಿಕ್ಕು ಇಟ್ಟಿದ್ದಳು. ಮೈ ತಿಕ್ಕಿ, ನೆಟಿಗೆ ಮುರಿದು, ಕರೆಂಟು ಕೊಟ್ಟು ಕಳಿಸುತ್ತಾಳೆ ಎಂದುಕೊಂಡು ಹೋಗಿದ್ದ ಗದಿಗೆವ್ವನನ್ನು ಆಕೆ ಮುಟ್ಟಲೇ ಇಲ್ಲ. ಎದುರಿಗೆ ಕುರ್ಚಿ ಹಾಕಿಕೊಂಡು ಕೂತಳು.

"ಅಕ್ಕಾರ, ನಿಮ್ಮ ಬಸ್ಸಿನ ಹಾರ್ನ್ ಯಾರೂ ಒತ್ತಲಾರದ ಒಂದ ಸವನ ಒದರಾಕ ಹತ್ತೇತಿ ಅಂತ ತಿಳೀರಿ. ಹಾರ್ನ್ ಬಿಚ್ಚಿ ನೋಡತೀರಿ, ಏನೂ ಮುರದಿಲ್ಲ. ಇಂಜಿನ್ನೂ ಸರಿ ಐತಿ. ಹಂಗಾರ ಸಪ್ಪಳ ಸುಳ್ಳ?"

"ಸುಳ್ಳಲ್ರೀ. ವೈರಿನಾಗ ಏನರ ಆಗಿರತೈತಿ."

"ನಿಮ್ಮ ಮೈಯಾಗೂ ಹಂಗ. ಎಲುಬು, ಕೀಲು, ಎಲ್ಲಾ ಗಟ್ಟಿ ಅದಾವು. ಬ್ಯಾನಿ ಖಬರ ಒಯ್ಯೋ ನರಾ, ಅದನ್ನ ಕೇಳೋ ಮೆದುಳು, ಎರಡೂ ಭಾಳ ಚುರುಕಾಗ್ಯಾವು. ಸಣ್ಣದಕ್ಕ ದೊಡ್ಡ ಸಪ್ಪಳ ಮಾಡತಾವು. ಬ್ಯಾನಿ ಖರೆ. ಆದರ ಬ್ಯಾನಿ ಆತು ಅಂದ್ರ ಮೈ ಕೆಟ್ಟು ಹೋಗಾಕ ಹತ್ತೇತಿ ಅಂತ ಅರ್ಥ ಅಲ್ಲ."

ಹದಿನಾಲ್ಕು ತಿಂಗಳಲ್ಲಿ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಗದಿಗೆವ್ವ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಆದರೆ ಮರುಗಳಿಗೆಯಲ್ಲೇ ರಮೀಜಾ ಕೊಟ್ಟ ಮದ್ದು ಕೇಳಿ ಸಿಟ್ಟು ಬಂತು.

"ದಿನಾ ಮುಂಜಾನಿ ನಾಕು ಮಿನಿಟು, ಸಂಜೀಕ ನಾಕು ಮಿನಿಟು ನಡೀರಿ. ಇಷ್ಟ."

"ನಾಕ್ ಮಿನಿಟ? ನಾ ದಿನಾ ಹನ್ನೆರಡು ತಾಸು ಬಸ್ಸಿನಾಗ ನಿಂತಾಕಿರೀ ಮೇಡಮ್ಮರ!"

"ಅದನ್ನ ಬ್ಯಾಡ ಅನ್ನಾಕ ಹತ್ತೇನಿ ಈಗ. ಮೈ ಹಗುರ ಅನಸಿದರೂ ನಾಕಕ್ಕ ನಿಂದರಬೇಕು. ಬ್ಯಾನಿ ಜಾಸ್ತಿ ಇದ್ದರೂ ಎರಡರ ನಡೀಬೇಕು. ಪೂರಾ ಬಿಡಂಗಿಲ್ಲ, ಹೆಚ್ಚಿಗೀನೂ ಮಾಡಂಗಿಲ್ಲ. ಮಾಡತೀರೇನು?"

ಗದಿಗೆವ್ವ ಮೂರು ತಿಂಗಳ ರಜೆ ಬರೆದುಕೊಟ್ಟಳು. ಮರುದಿನದಿಂದ ನಡಿಗೆ ಶುರು. ಓಣಿಯ ತುದಿಯ ನಳದವರೆಗೆ ಹೋಗಿ ಹೊರಳುವಷ್ಟರಲ್ಲಿ ನಾಲ್ಕು ನಿಮಿಷ ಮುಗಿಯುತ್ತಿತ್ತು. ನೀರು ಹಿಡಿಯಲು ನಿಂತ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಮುದುಕವ್ವ ಮೊದಲ ವಾರ ಹೊಸ್ತಿಲಲ್ಲಿ ಕೂತು ಸುಮ್ಮನೆ ನೋಡಿದಳು. ಸೊಸೆ ಹಲ್ಲು ಕಚ್ಚಿ ಹೆಜ್ಜೆ ಇಡುವುದನ್ನೂ, ಒಂದು ದಿನವೂ ತಪ್ಪಿಸದಿರುವುದನ್ನೂ ಕಂಡಳು. ಎರಡನೆಯ ವಾರ ಗದಿಗೆವ್ವನ ಮಗಳಿಂದ ಮೊಬೈಲಿನಲ್ಲಿ ನಾಲ್ಕು ನಿಮಿಷದ ಗಂಟೆ ಇಡುವುದನ್ನು ಕಲಿತು, ತಾನೇ ಅದನ್ನು ಹಿಡಿದು ಕಟ್ಟೆಯ ಮೇಲೆ ಕೂತಳು. ನಳದ ಹತ್ತಿರ ನಗು ಕೇಳಿಸಿದಾಗ ಅಲ್ಲಿಂದಲೇ ಗದರಿದಳು: "ನಗತೀರೇನು? ನನ್ನ ಸೊಸಿ ಔಷಧ ತಗೊಳ್ಳಾಕ ಹತ್ಯಾಳ. ಕೊಡ ತುಂಬೈತಿ, ತಗೊಂಡು ನಡೀರಿ!"

ನಾಲ್ಕು ನಿಮಿಷ ಐದಾಯಿತು, ಏಳಾಯಿತು. ಜೊತೆಗೆ ಮನೆಯಲ್ಲಿ ಕುತ್ತಿಗೆ, ಭುಜ, ಮೀನಖಂಡಗಳನ್ನು ನಿಧಾನ ಎಳೆದು ಬಿಡುವುದು, ಕುರ್ಚಿಯಿಂದ ಕೈ ಊರದೆ ಎದ್ದು ಕೂಡುವುದು, ಮಲಗುವ ಮೊದಲು ಬಿಸಿನೀರಿನ ಬಟ್ಟೆ ಕಟ್ಟಿಕೊಂಡು ಹೊಟ್ಟೆಯಿಂದ ಉಸಿರೆಳೆಯುವುದು. ಎಳೆಯುವಾಗ ಹಿತವಾಗಬೇಕು, ನೋಯಬಾರದು ಎಂದು ರಮೀಜಾ ಹೇಳಿದ್ದಳು. ಎರಡು ತಿಂಗಳಾಗುವ ಹೊತ್ತಿಗೆ ಮುಂಜಾನೆಯ ಒನಕೆಪೆಟ್ಟು ಸ್ವಲ್ಪ ಸಡಿಲಿತು. ಒಂದು ರಾತ್ರಿ ಕನಸು ಬೀಳುವಷ್ಟು ಗಾಢ ನಿದ್ದೆಯೂ ಬಂತು.

ಅದೇ ಹುರುಪಿನಲ್ಲಿ ಗದಿಗೆವ್ವ ಎಡವಿದಳು. ಮಾನವಮಿ ಹಬ್ಬ ಹತ್ತಿರ ಬಂದಿತ್ತು. ಮನೆಮನೆಯಲ್ಲೂ ಹಾಸಿಗೆ ಹೊದಿಕೆ ಒಗೆಯುವ ದಿನ. ಅವತ್ತು ಎದ್ದಾಗ ಮೈ ಹೂವಿನಂತೆ ಹಗುರವಿತ್ತು. ಅತ್ತೆ ಬೇಡವೆಂದರೂ ಕೇಳದೆ ಮನೆಯ ಏಳು ಕೌದಿಗಳನ್ನೂ ನೆನೆಹಾಕಿ, ತುಳಿದು, ಹಿಂಡಿ, ಮಾಳಿಗೆಯ ಮೇಲೆ ಹರವಿದಳು. ಸಂಜೆ ನಗುನಗುತ್ತ ಚಹಾ ಕುಡಿದಳು. ಮರುದಿನ ಕೈಯಲ್ಲಿ ಬಾಚಣಿಗೆ ಹಿಡಿಯಲಾಗಲಿಲ್ಲ. ಒಂಬತ್ತು ದಿನ ಹಾಸಿಗೆ ಹಿಡಿದಳು.

ಹತ್ತನೆಯ ದಿನ ಆಟೋದಲ್ಲಿ ರಮೀಜಾಳ ಹತ್ತಿರ ಹೋಗಿ ಸಿಡಿದೇಬಿಟ್ಟಳು. "ಎಲ್ಲಾ ನೀರಾಗ ಹೋಮ ಮಾಡಿದಂಗಾತಲ್ರೀ ಮೇಡಮ್ಮರ! ಎರಡು ತಿಂಗಳ ಹುಚ್ಚರಂಗ ಓಣಿ ತಿರಗೀನಿ. ಒಂದಿನಾ ಕೌದಿ ಒಗದಿದ್ದಕ್ಕ ಮತ್ತ ಅಲ್ಲೇ ಬಂದು ಬಿದ್ದೀನಿ."

ರಮೀಜಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಕೌದಿ ಎಷ್ಟ ಒಗದ್ರಿ?" ಎಂದು ಕೇಳಿದಳು.

"ಏಳು."

"ಎರಡು ತಿಂಗಳ ಹಿಂದ ಎಷ್ಟ ಒಗೀತಿದ್ರಿ?"

ಗದಿಗೆವ್ವ ತನ್ನ ಅಂಗೈಗಳನ್ನು ನೋಡಿಕೊಂಡಳು. ಎರಡು ತಿಂಗಳ ಹಿಂದೆ ಒಂದು ಕರವಸ್ತ್ರ ಹಿಂಡಿದರೂ ಕೈ ನಡುಗುತ್ತಿತ್ತು.

"ಏಳು ಒಗಿಯೋ ಶಕ್ತಿ ಬಂದೈತಿ ಅಂದ್ರ ನೀವು ನಡದದ್ದು ಸುಳ್ಳಾಗಿಲ್ಲ," ಎಂದಳು ರಮೀಜಾ. "ಆದರ ದಿನಕ್ಕ ಒಂದರಂಗ ವಾರ ಒಗೀಬೇಕಾಗಿತ್ತು. ಬ್ಯಾನಿ ಇದ್ದ ದಿನ ನೀವು ಭಾಳ ಶ್ಯಾಣ್ಯಾರು ಅಕ್ಕಾರ. ಚೊಲೋ ದಿನಾನ ನಿಮಗ ಮೋಸ ಮಾಡತೈತಿ. ನಾಳಿಯಿಂದ ಮತ್ತ ಮೂರು ಮಿನಿಟು."

ಮೂರರಿಂದ ಮತ್ತೆ ಶುರು ಮಾಡುವುದು ಮೊದಲಿಗಿಂತ ಕಷ್ಟವಾಗಿತ್ತು. ಮೊದಲು ಗೊತ್ತಿಲ್ಲದೆ ಮಾಡಿದ್ದಳು, ಈಗ ಗೊತ್ತಿದ್ದೂ ಮಾಡಬೇಕಿತ್ತು. ಆದರೂ ಮಾಡಿದಳು. ದೀಪಾವಳಿ ಮುಗಿದ ಮೇಲೆ ಡ್ಯೂಟಿಗೆ ಹೊರಟಾಗ ಅವಳಿಗೆ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತು ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸ ಕೊಟ್ಟರು. ಎಲ್ಲರೂ ಒಳ್ಳೆಯದಾಯಿತೆಂದರು, ಅಲ್ಲೇ ಕಾಯಂ ಆಗಲು ಅರ್ಜಿ ಕೊಡೆಂದರು. ಗದಿಗೆವ್ವ ಎಲ್ಲರಿಗೂ ತಲೆ ಅಲ್ಲಾಡಿಸಿದಳು, ಅರ್ಜಿ ಮಾತ್ರ ಕೊಡಲಿಲ್ಲ. ಕಿಟಕಿಯಾಚೆ ಬಸ್ಸುಗಳು ಒಂದೊಂದಾಗಿ ನಿಲ್ದಾಣ ಬಿಡುವುದನ್ನು ನೋಡಿದಾಗ ಆಕೆಯ ಕೈ ಸೀಟಿಗಾಗಿ ಕೊರಳನ್ನು ತಡವುತ್ತಿತ್ತು.

"ನನಗ ಹೊಳ್ಳಿ ಬಸ್ಸಿನ ಮ್ಯಾಲೆ ಹೋಗಬೇಕು," ಎಂದು ಚಳಿ ಮುಗಿಯುವ ಹೊತ್ತಿಗೆ ರಮೀಜಾಳಿಗೆ ಹೇಳಿದಳು. ಆ ಹುಡುಗಿ ಕಣ್ಣರಳಿಸಿ, ಹಾಗಾದರೆ ಮೈಗೆ ಇನ್ನಷ್ಟು ಬಲ ಬರಬೇಕು, ಬಿಸಿನೀರಿನ ಕೊಳದಲ್ಲಿ ವ್ಯಾಯಾಮ ಮಾಡಿದರೆ ಕೀಲುಗಳಿಗೆ ಭಾರ ಬೀಳುವುದಿಲ್ಲ, ಆದರೆ ಅಂಥ ಕೊಳ ಈ ಊರಿನಲ್ಲಿ ತನಗೆ ಗೊತ್ತಿರುವ ಹಾಗೆ ಇಲ್ಲ ಎಂದಳು.

ಗದಿಗೆವ್ವ ಎರಡು ದಿನ ಯೋಚಿಸಿದಳು. ಹಿರೇಹಂದಿಗೋಳದಲ್ಲಿ ಅಣ್ಣ ಹೇಮಪ್ಪನ ಹೊಲದಲ್ಲಿ ಒಂದು ಸಿಮೆಂಟಿನ ತೊಟ್ಟಿ ಇತ್ತು. ಬೋರ್ವೆಲ್ಲಿನ ನೀರು ತುಂಬಿಡುವ, ನಿಂತರೆ ಎದೆಮಟ್ಟ ಬರುವ ದೊಡ್ಡ ತೊಟ್ಟಿ. ಶಿವರಾತ್ರಿ ಕಳೆದ ಮೇಲಿನ ಬಿಸಿಲಿಗೆ ನಾಲ್ಕು ಗಂಟೆಯ ಹೊತ್ತಿಗೆ ಅದರ ನೀರು ಸ್ನಾನಕ್ಕೆ ಕಾಯಿಸಿದ ಹಾಗೆ ಬೆಚ್ಚಗಾಗುತ್ತಿತ್ತು. ಅಣ್ಣನಿಗೆ ಫೋನು ಹಚ್ಚಿದಳು.

"ತೊಟ್ಟ್ಯಾಗ ಇಳದು ಏನ್ ಮಾಡತೀಯವಾ? ಎಮ್ಮಿಯಂಗ ನಿಂದರತಿಯೇನು?" ಎಂದು ಹೇಮಪ್ಪ ನಕ್ಕ.

"ಹೌದೋ ಅಣ್ಣ. ನಿಂದರತೇನಿ, ನಡೀತೇನಿ, ಕೈಕಾಲು ಆಡಸತೇನಿ. ಪಾವಟಿಗಿ ಪಾಚಿ ತಿಕ್ಕಿ ಇಡು."

ಹೇಮಪ್ಪ ಮೆಟ್ಟಿಲುಗಳ ಪಾಚಿಯನ್ನಷ್ಟೇ ತಿಕ್ಕಲಿಲ್ಲ. ಹಿಡಿದು ಇಳಿಯಲು ಒಂದು ಕಬ್ಬಿಣದ ಪೈಪನ್ನೂ ನೆಡಿಸಿದ. ವಾರಕ್ಕೆ ಎರಡು ಸಂಜೆ ಗದಿಗೆವ್ವ ಹಳೆಯ ಚೂಡಿದಾರ ತೊಟ್ಟು ಆ ನೀರಿಗಿಳಿದಳು. ಮೊದಲ ದಿನ ನೀರು ಭುಜವನ್ನು ಎತ್ತಿ ಹಿಡಿದಾಗ, ಮೈ ತನ್ನದೇ ಭಾರದಿಂದ ಬಿಡುಗಡೆಯಾದಂತೆ ಅನಿಸಿ, ಆಕೆ ಸುಮ್ಮನೆ ಕಣ್ಣು ಮುಚ್ಚಿ ನಿಂತುಬಿಟ್ಟಳು. ಒಂದು ಭಾನುವಾರ ರಮೀಜಾ ತಾನೇ ಸ್ಕೂಟಿಯ ಮೇಲೆ ಬಂದು ತೊಟ್ಟಿಯ ಕಟ್ಟೆಯ ಮೇಲೆ ಕೂತು, ನೀರಿನಲ್ಲಿ ಮೊಣಕಾಲೆತ್ತಿ ನಡೆಯುವುದನ್ನು, ಅಂಗೈಯಿಂದ ನೀರನ್ನು ದೂಡುವುದನ್ನು ತೋರಿಸಿಕೊಟ್ಟಳು. ಹೊರಡುವಾಗ ಹೇಮಪ್ಪನಿಗೆ ಹೇಳಿದಳು: "ಆರು ವರ್ಷದಾಗ ನಾ ಭಾಳ ಮಂದೀನ್ನ ನೋಡೀನ್ರೀ. ಹೇಳಿದ್ದನ್ನ ಮಾಡೋರು ಅದಾರ. ಇಲ್ಲದ್ದನ್ನ ತಾವ ಹುಡುಕಿ ತಂದು ಮಾಡಿದವರು ಇವರೊಬ್ಬರ." ಒದ್ದೆ ಕೂದಲು ಹಿಂಡುತ್ತಿದ್ದ ಗದಿಗೆವ್ವ ಕೇಳಿಸದವಳಂತೆ ನಟಿಸಿದಳು. ಅವತ್ತು ರಾತ್ರಿ ಆ ಮಾತನ್ನು ಗಂಡನಿಗೆ ಎರಡು ಸಲ ಹೇಳಿದಳು.

ಓಡುವ ಬಸ್ಸಿನಲ್ಲಿ ನಿಲ್ಲುವ ಅಭ್ಯಾಸ ಮಾತ್ರ ಮನೆಯಲ್ಲೇ ಆಯಿತು. ಸುರುಳಿ ಸುತ್ತಿದ ಕೌದಿಯ ಮೇಲೆ ಹಲಗೆ ಇಟ್ಟು ಅದರ ಮೇಲೆ ಆಕೆ ನಿಲ್ಲುತ್ತಿದ್ದಳು. ಸಿದ್ದಾರೂಢ ಹಲಗೆಯನ್ನು ಮೆಲ್ಲಗೆ ಅಲುಗಿಸುತ್ತಿದ್ದ. ಮುದುಕವ್ವ ಪ್ರಯಾಣಿಕಳಾಗಿ ಎದುರು ಕೂತು, "ಒಂದು ಶಿರಹಟ್ಟಿ ಕೊಡ್ರಿ," ಎನ್ನುತ್ತಿದ್ದಳು. ನೋವು ಪೂರ್ತಿ ಹೋಗಿರಲಿಲ್ಲ. ಹೋಗಲಿಕ್ಕಿಲ್ಲ ಎಂದು ರಮೀಜಾ ಮೊದಲೇ ಹೇಳಿದ್ದಳು. ಆದರೆ ಹತ್ತರಲ್ಲಿ ಎಂಟರಷ್ಟಿದ್ದ ನೋವು ಈಗ ಮೂರಕ್ಕೆ ಇಳಿದಿತ್ತು. ತಲೆಯ ಮಂಜು ಸರಿದು ಸ್ಟಾಪುಗಳ ಹೆಸರು ಒಂದರ ಹಿಂದೊಂದು ನಾಲಿಗೆಗೆ ಬರುತ್ತಿದ್ದವು.

ಬಸವ ಜಯಂತಿ ಕಳೆದ ಮರುವಾರ ಆ ಹಿರಿಯ ಡಾಕ್ಟರು ಆಕೆಯನ್ನು ಪರೀಕ್ಷಿಸಿ, ಬಸ್ಸಿನ ಮೇಲಿನ ಡ್ಯೂಟಿಗೆ ಯೋಗ್ಯಳೆಂದು ಬರೆದುಕೊಟ್ಟರು. ಒಂದು ದಿನಕ್ಕೆ ಇಷ್ಟೇ ಟ್ರಿಪ್ಪು, ನಡುವೆ ವಿಶ್ರಾಂತಿ ಇರಬೇಕು ಎಂದೂ ಬರೆದಿದ್ದರು. ಈ ಸಲ ಸಿಕ್ಕದ್ದು ಮುಂಡರಗಿ ದಾರಿ. ಡ್ರೈವರ್ ನೀಲಪ್ಪ.

ಮುಂಜಾನೆ ಇಸ್ತ್ರಿ ಮಾಡಿದ ಖಾಕಿ ತೊಟ್ಟು ಗದಿಗೆವ್ವ ಬಸ್ಸಿನ ಹತ್ತಿರ ಬಂದಾಗ ನೀಲಪ್ಪ ಗಾಜು ಒರೆಸುತ್ತಿದ್ದ.

"ಆಗತೈತೇನು ತಂಗಿ?" ಎಂದು ಆತನೇ ಕೇಳಿದ.

"ಆಗತೈತಿ ಅಂತನ ಬಂದೀನಿ ನೀಲಪ್ಪಣ್ಣ. ಸೋಗು ಮಾಡಾಕಲ್ಲ."

ನೀಲಪ್ಪನ ಮುಖ ಕಪ್ಪಿಟ್ಟಿತು. ಹೋಗಿ ಸ್ಟೇರಿಂಗ್ ಹಿಡಿದು ಕೂತ.

ಸಂತೆಯ ದಿನ, ಬಸ್ಸು ತುಂಬಿ ತುಳುಕುತ್ತಿತ್ತು. ಗದಿಗೆವ್ವ ಕಾಲುಗಳನ್ನು ತುಸು ಅಗಲಿಸಿ, ಮೊಣಕಾಲು ಸಡಿಲ ಬಿಟ್ಟು, ಕಂಬಿಯನ್ನು ಬಿಗಿಯಾಗಿ ಹಿಡಿಯದೆ ಬೆರಳಿಟ್ಟುಕೊಂಡು ಸಾಗಿದಳು. ಮಷಿನ್ನಿನ ಪಟ್ಟಿಯನ್ನು ಎರಡು ಹೆಗಲಿಗೂ ಭಾರ ಹಂಚುವಂತೆ ಸಿದ್ದಾರೂಢ ಅಗಲ ಮಾಡಿ ಹೊಲಿದುಕೊಟ್ಟಿದ್ದ. ಎಲ್ಲರಿಗೂ ಟಿಕೆಟ್ ಕೊಡುವುದಕ್ಕೆ ಮೊದಲಿಗಿಂತ ಒಂದು ಸ್ಟಾಪು ಹೆಚ್ಚು ಹಿಡಿಯಿತು. ಮುಗಿದ ಮೇಲೆ ಬಾಗಿಲ ಬಳಿಯ ಸೀಟಿನಲ್ಲಿ ಕೂತಿದ್ದ ಹುಡುಗನಿಗೆ, "ಏಳಪಾ, ಇದು ಕಂಡಕ್ಟರ್ ಸೀಟು," ಎಂದು ಹೇಳಿ ಕೂತಳು. ಡಂಬಳ ದಾಟಿದ ಮೇಲೆ ಕಪ್ಪತಗುಡ್ಡದ ಸಾಲು ಕಿಟಕಿಯ ಉದ್ದಕ್ಕೂ ಜೊತೆಗೆ ಬಂತು. ನೋವು ಇತ್ತು. ಅದನ್ನು ಇರಲು ಬಿಟ್ಟು ಆಕೆ ಉಸಿರೆಳೆದಳು, ಬಿಟ್ಟಳು, ಮತ್ತೆ ಎದ್ದಳು.

ಮಧ್ಯಾಹ್ನದ ಎರಡನೆಯ ಟ್ರಿಪ್ಪಿನಲ್ಲಿ ಆಕೆಯನ್ನು ಹಿಂದಿನಿಂದಲೂ ಬಲ್ಲ ಮುಂಡರಗಿ ನಿಲ್ದಾಣದ ಕಂಟ್ರೋಲರ್ ಓಡಿ ಬಂದರು. ಶಿರಹಟ್ಟಿಗೆ ಹೋಗುವ ಬಸ್ಸಿನ ಕಂಡಕ್ಟರಿಗೆ ಜ್ವರ, ಜನ ಕಾದು ನಿಂತಿದ್ದಾರೆ. "ಗದಿಗೆವ್ವಾರ, ನೀವು ಒಂದು ಟ್ರಿಪ್ ಹೆಚ್ಚಿಗಿ ಮಾಡತೀರೇನು? ಮೊದಲ ನೀವು ಯಾವತ್ತೂ ಇಲ್ಲ ಅಂದವರಲ್ಲ."

ನಿಜ, ಆಕೆ ಎಂದೂ ಇಲ್ಲ ಎಂದವಳಲ್ಲ. ಮೈ ಹಗುರವಾಗಿತ್ತು, ಒಳ್ಳೆಯ ದಿನವಾಗಿತ್ತು. ಹೂಂ ಎನ್ನುವ ಮಾತು ತುಟಿಯವರೆಗೂ ಬಂತು. ನೀಲಪ್ಪ ತನ್ನನ್ನೇ ನೋಡುತ್ತಿರುವುದೂ ಕಾಣಿಸಿತು.

"ಆಗಂಗಿಲ್ರೀ ಸಾಹೇಬ್ರ," ಎಂದಳು ಗದಿಗೆವ್ವ. "ನನಗ ಇವತ್ತು ಬರದದ್ದು ಇಷ್ಟ. ಇದನ್ನ ಪೂರಾ ಮಾಡತೇನಿ. ನಾಳೆ ಮತ್ತ ಬರತೇನಿ, ನಾಡದ್ದೂ ಬರತೇನಿ. ಒಂದಿನಾ ಕುಣದು ಒಂಬತ್ತು ದಿನಾ ಮಲಗೂದು ನನಗ ಬ್ಯಾಡ."

ಕಂಟ್ರೋಲರ್ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನೀಲಪ್ಪ ನಡುವೆ ಬಂದ. "ಆಕಿಗೆ ಒತ್ತಾಯ ಮಾಡಬ್ಯಾಡ್ರಿ ಸಾಹೇಬ್ರ. ಅಲ್ಲಿ ನಿಂತಾನಲ್ಲ ಕಂಡಕ್ಟರ್ ಹನಮಂತ, ಅವನ ಡ್ಯೂಟಿ ತಡಾ ಐತಿ, ಅವನ್ನ ಕೇಳ್ರಿ. ಈಕಿ ನಮ್ಮ ಬಸ್ಸಿನ ಕಂಡಕ್ಟರ್, ನಾಳೆ ನನಗ ಬೇಕು."

ಕಂಟ್ರೋಲರ್ ಹನಮಂತನನ್ನು ಕೂಗುತ್ತ ಆಚೆ ಹೋದರು. ನೀಲಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಗಾಲಿಯ ಕಡೆ ನೋಡಿಕೊಂಡು, "ನಾ ಅವತ್ತು ಆಡಿದ್ದು ತಪ್ಪಾತವಾ," ಎಂದ. ಗದಿಗೆವ್ವ, "ಆತು ಬಿಡು ಅಣ್ಣ. ಚಹಾ ಹೇಳು," ಎಂದಳು.

ಚಹಾ ಬರುವವರೆಗೆ ಆಕೆ ಬಸ್ಸಿನ ಮೈಗೆ ಎರಡೂ ಅಂಗೈ ಊರಿ, ಒಂದು ಕಾಲು ಹಿಂದಿಟ್ಟು ಮೀನಖಂಡ ಎಳೆಯತೊಡಗಿದಳು. ನಿಲ್ದಾಣದ ಕಟ್ಟೆಯ ಮೇಲಿನ ಹೆಂಗಸರು ಬೆರಗಾಗಿ ನೋಡಿದರು. ಅವರಲ್ಲೊಬ್ಬಳು, ಬುಟ್ಟಿ ಹೊತ್ತು ಬಂದ ದುರಗವ್ವ ಎಂಬಾಕೆ, ಎದ್ದು ಹತ್ತಿರ ಬಂದಳು. "ಅದೇನ್ ಮಾಡಾಕ ಹತ್ತೀಯವಾ? ಬಸ್ಸು ದಬ್ಬತೀಯೇನು?"

ಗದಿಗೆವ್ವ ಗಟ್ಟಿಯಾಗಿ ನಕ್ಕಳು. "ಇಲ್ಲವಾ, ಮೈ ಸಡಲ ಮಾಡಾಕ ಹತ್ತೀನಿ. ನೀನೂ ಕಾಲು ಹಿಂದಿಡು ನೋಡು. ಹಿಮ್ಮಡಿ ಎತ್ತಬ್ಯಾಡ. ನೂಸಬಾರದು, ಹಿತಾ ಅನಸಬೇಕು."

ದುರಗವ್ವ ಬುಟ್ಟಿ ಇಳಿಸಿ, ಸೀರೆಯ ನಿರಿಗೆ ಎತ್ತಿ ಸಿಕ್ಕಿಸಿ, ಪಕ್ಕದಲ್ಲಿ ಅಂಗೈ ಊರಿದಳು. ಚಹಾದ ಗ್ಲಾಸುಗಳನ್ನು ಹಿಡಿದು ಬಂದ ನೀಲಪ್ಪ ಇಬ್ಬರನ್ನೂ ನೋಡಿ, ಮುಗಿಯುವವರೆಗೆ ಕಾದು ನಿಂತ.